ಬಲಗಡೆ ಕೂತವಳು

ಅಂಕಿತಾ, ಪ್ರಜ್ವಲ್, ಮೊನ್ನೆ ನಿಮ್ಮಪ್ಪ ಬೀದರಿನ ಕೊಳಾರದಿಂದ ತಂದ ತಾಡಪತ್ರಿಯನ್ನು ಅಂಗಳದಲ್ಲಿ ಬಿಚ್ಚಿದಾಗ ನಾನು ಅದರ ಅಂಚು ಹಿಡಿದು ಸುಮ್ಮನೆ ನಿಂತುಬಿಟ್ಟೆ. ನೀವು ನಕ್ಕಿರಿ. ಬಿಸಿಲಿಗೆ ಕಾದ ಆ ದಪ್ಪ ಬಟ್ಟೆಯ, ಮೇಣದ ವಾಸನೆ ನನ್ನನ್ನು ಎಕಂಬಾದ ನಮ್ಮ ಮನೆಯ ಹಿಂದಿನ ಬೇವಿನ ಗಿಡದ ಕೆಳಗೆ ಒಯ್ದಿತ್ತು. ನನ್ನ ಅಪ್ಪನ ಮಿಲ್ಟ್ರಿ ಗಾಡಿ ನಿಲ್ಲುತ್ತಿದ್ದುದು ಅಲ್ಲಿ. ನಾಲ್ಕು ಮಂದಿಯ ಮುಂದೆ ನನಗೆ ಈಗಲೂ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಲಡಾಯಿ ಕಾಲದ ಆ ಲಾರಿಯನ್ನು ಸೈನ್ಯದವರು ಬೇಡವೆಂದು ಹರಾಜಿಗೆ ಇಟ್ಟಾಗ, ಅಪ್ಪ ಬೀದರಿನಿಂದ ನಾಲ್ಕು ಜೋಡಿ ಎತ್ತು ಕಟ್ಟಿ ಎಳೆಸಿಕೊಂಡು ಬಂದಿದ್ದರಂತೆ. ಬಾಡಿಗೆಗಲ್ಲ, ತೊಗರಿ ಹೇರಲಿಕ್ಕೂ ಅಲ್ಲ. ಹೊಲದ ಕೆಲಸ ಮುಗಿದ ಮೇಲೆ ಅದರ ಕೆಳಗೆ ಗೋಣಿ ಹಾಸಿ ಮಲಗಿ ಏನಾದರೂ ಬಿಚ್ಚುವುದು, ಕೂಡಿಸುವುದು, ಇದೇ ಅವರ ಸುಖ. ತುಕ್ಕು ಹಿಡಿದ ತಗಡು ಕಿತ್ತು ಹಲಗೆಯ ಮೈ ಕಟ್ಟಿದರು; ಹರಿದ ತಾಡಪತ್ರಿ ಹೊದಿಕೆಗೆ ದಬ್ಬಣದಿಂದ ತಾವೇ ತೇಪೆ ಹೊಲಿದರು. ಎಲ್ಲೂ ಸಿಗದ ಭಾಗಗಳನ್ನು ಭಾಲ್ಕಿಯ ಒಬ್ಬ ಮಿಸ್ತ್ರಿಯ ಹತ್ತಿರ ಕೂತು ಮಾಡಿಸಿ ತರುತ್ತಿದ್ದರು. ದಾರಿಯಲ್ಲಿ ಔರಾದದ ಚಹಾದಂಗಡಿಯವನು ಕಾಡುವುದು ತಪ್ಪುತ್ತಿರಲಿಲ್ಲ. "ಇವತ್ತ ಯಾವ ಊರ ಮ್ಯಾಲ ಲಡಾಯಿರಿ?" ಅಪ್ಪನ ಉತ್ತರ ಸಿದ್ಧವಿರುತ್ತಿತ್ತು. "ನಿಮ್ಮ ಊರ ಮ್ಯಾಲೇರಿ. ಮೊದಲ ಚಾ ಕುಡಿಸ್ರಿ, ಆಮ್ಯಾಲ ನೋಡೂಣು."

ಅವ್ವ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ಅಪ್ಪನ ಅಕ್ಕ, ನಾನು. ಭಾಲ್ಕಿಗೆ ಹೊರಟಾಗ ಅಪ್ಪನಿಗೆ ನಾನು ಬೇಕೇ ಬೇಕಿತ್ತು, ಯಾಕೆಂದರೆ ಅಮೆರಿಕದಲ್ಲಿ ಮಾಡಿದ ಆ ಗಾಡಿಯ ಸ್ಟೇರಿಂಗ್ ಎಡಗಡೆಗಿತ್ತು. ಮುಂದಿನ ಬಂಡಿಯನ್ನು ದಾಟಬೇಕಾದರೆ ಎದುರಿನಿಂದ ಬರುವುದು ಅವರಿಗೆ ಕಾಣುತ್ತಿರಲಿಲ್ಲ. ಬಲಗಡೆ ಕೂತ ನಾನು ಕತ್ತು ಹೊರಗೆ ಹಾಕಿ ನೋಡಿ ಹೇಳಬೇಕು. "ಹ್ಯಾಂಗದವಾ?" ಎಂದು ಅವರು ಕೇಳುವುದು, "ಖಾಲಿ ಅದ, ಹೋಗ್ರಿ" ಎಂದೋ "ತಡೀರಿ" ಎಂದೋ ನಾನು ಹೇಳುವುದು. ಒಮ್ಮೆ ನನ್ನ "ತಡೀರಿ" ಇಂಜಿನ್ನಿನ ಸಪ್ಪಳದಲ್ಲಿ ಮುಳುಗಿಹೋಯಿತು. ಎದುರಿಗೆ ಬಸ್ಸು. ಹೇಗೋ ರಸ್ತೆಯಂಚಿನ ಗುಂಡಿಗೆ ಇಳಿದು ಬದುಕಿದೆವು. ಅಪ್ಪ ಬಯ್ಯಲಿಲ್ಲ, ನೀರು ಕುಡಿದರು, ನನಗೂ ಕುಡಿಸಿದರು. "ಮನ್ಯಾಗ ಎಷ್ಟರ ಮೆಲ್ಲಕ ಮಾತಾಡವಾ. ಇಲ್ಲಿ ಮಾತ್ರ ಒದರು," ಎಂದರು. ಅಂದಿನಿಂದ ಒದರಿದೆ. ನಾನು ಗಟ್ಟಿಯಾಗಿ ಮಾತಾಡಿದ ಜಾಗ ಅದೊಂದೇ.

ಭಾಲ್ಕಿಯ ನಿಮ್ಮ ಅಜ್ಜನೊಂದಿಗೆ ನನ್ನ ಲಗ್ನ ಗೊತ್ತಾದ ವಾರವೇ ಅಪ್ಪ ಸ್ಟೇರಿಂಗ್ ಕಿತ್ತರು. ಕಬ್ಬಿಣದ ಹಲಗೆಗೆ ಹೊಸ ತೂತು ಕೊರೆದು, ಬ್ರೇಕು ಕ್ಲಚ್ಚು ಎಲ್ಲ ಬಲಗಡೆಗೆ ಸರಿಸತೊಡಗಿದರು. ಅಂದಿನ ನನ್ನ ತಪ್ಪು ಇವರು ಮರೆತಿಲ್ಲ ಎಂದುಕೊಂಡೆ ನಾನು. ಕೇಳಲು ನಾಲಿಗೆ ಏಳಲಿಲ್ಲ. ಕೇಳಿದವಳು ಅಪ್ಪನ ಅಕ್ಕ, ನಮ್ಮತ್ತೆ. "ಮಗಳ ಲಗ್ನ ಮುಂದಿಟ್ಕೊಂಡು ಇದರ ಹೊಟ್ಟಿ ಯಾಕ ಬಗೀಲತ್ತಿ ತಮ್ಮಾ?"

ಅಪ್ಪ ಗಾಡಿಯ ಕೆಳಗಿನಿಂದಲೇ ಅಂದರು, "ಇನ್ನ ಬಲಕ್ಕ ಯಾರ ಕೂಡ್ತಾರ?" ಆಮೇಲೆ ಬಹಳ ಹೊತ್ತು ಅವರು ಹೊರಗೆ ಬರಲಿಲ್ಲ.

ಲಗ್ನದ ನಂತರದ ಮೊದಲ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಅದೇ ಗಾಡಿಯಲ್ಲಿ ಬಂದರು. ನಾನು ಎಡಗಡೆ ಕೂತೆ, ಹೊಸ ಮನೆಗೆ ಬಂದವಳಂತೆ. ಔರಾದ ಹತ್ತಿರ ಬಂದಾಗ ಮುಂದೆ ಮೇವಿನ ಬಂಡಿಯೊಂದು ಅಡ್ಡವಾಯಿತು. ಈಗ ಅಪ್ಪನಿಗೆ ರಸ್ತೆಯೆಲ್ಲ ಚೊಕ್ಕ ಕಾಣುತ್ತಿತ್ತು. ನನಗೆ ಕಾಣುತ್ತಿದ್ದುದು ಬರೀ ಹುಲ್ಲು. ಆದರೂ ಅಪ್ಪ ಗಾಡಿಯ ವೇಗ ಇಳಿಸಿ, ನನ್ನ ಕಡೆ ತಿರುಗದೆ ಕೇಳಿದರು.

"ಹ್ಯಾಂಗದವಾ?"

"ಖಾಲಿ ಅದ, ಹೋಗ್ರಿ," ಎಂದು ಒದರಿದೆ. ಅಪ್ಪ ದಾಟಿಸಿದರು.

ಮುಂದಿನ ಪಂಚಮಿಗೆ ಅಪ್ಪ ಇರಲಿಲ್ಲ. ನಾನು ಬಾಣಂತಿಯಾಗಿ ಭಾಲ್ಕಿಯಲ್ಲಿದ್ದಾಗಲೇ ಗಾಡಿಯನ್ನು ಕತ್ತರಿಸಿ ಗುಜರಿಗೆ ಹಾಕಿದರು. ನಿಮ್ಮ ಅಜ್ಜ ಒಳ್ಳೆಯವರು, ಆದರೆ ದಾರಿ ತಾವೇ ನೋಡಿಕೊಳ್ಳುವವರು. ಈಗ ಅವರೂ ಇಲ್ಲ. ಅಪ್ಪನದಾಗಲಿ ಆ ಗಾಡಿಯದಾಗಲಿ ಒಂದು ಫೋಟೋ ಕೂಡ ಉಳಿದಿಲ್ಲ ಮಕ್ಕಳೇ, ಇರುವುದು ಈ ನಾಲ್ಕು ಹಾಳೆ. ಜೋಪಾನವಾಗಿ ಇಟ್ಟುಕೊಳ್ಳಿರಿ. ನನ್ನ ಅಕ್ಷರ ಸಣ್ಣವು. ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಕೇಳಿರಿ.