ಅರಗಿನ ಡಬ್ಬಿಯ ಮಾತ್ರೆ

ಚನ್ನಪಟ್ಟಣದಲ್ಲಿ ಬಸ್ಸಿಳಿದು, ಹೆದ್ದಾರಿ ಪಕ್ಕದ ಮೆಡಿಕಲ್ ಶಾಪಿನಲ್ಲಿ ನಿಂತಿದ್ದೆ. ಮರದ ಗೊಂಬೆ ಕಡೆಯುವ ಚಿಕ್ಕಣ್ಣ ಎಂಬವರು ಬಂದು ಕೈ ಚಾಚಿದರು. ಅಂಗಡಿಯ ಗೌರಮ್ಮ ಹಳದಿ ಅರಗು ಬಳಿದ ಮರದ ಡಬ್ಬಿ ತೆರೆದು ಒಂದೇ ಒಂದು ಮಾತ್ರೆ ಕೊಟ್ಟರು. ಭುಜದ ನೋವಿಗೆ ಡಾಕ್ಟರ್ ಬರೆದ ಅಫೀಮಿನ ಜಾತಿಯ ಮಾತ್ರೆ ಅವರಿಗೆ ಚಟವೇ ಆಗಿಬಿಟ್ಟಿತ್ತಂತೆ. ಡಬ್ಬಿಯನ್ನು ಚಿಕ್ಕಣ್ಣನವರೇ ಕಡೆದು, ಇದ್ದ ಮಾತ್ರೆಯನ್ನೆಲ್ಲ ತುಂಬಿ ಇಲ್ಲಿ ಒಪ್ಪಿಸಿದ್ದರು.

“ಮನೇಲಿದ್ರೆ ಒಂದೇ ದಿನಕ್ಕೆ ನುಂಗ್ಬುಡ್ತೀನಿ. ಅದ್ಕೇ ಈವಮ್ಮನ ತಾವ ಮಡ್ಗಿವ್ನಿ. ಅತ್ರೂ ಎರಡು ಕೊಡಾಕಿಲ್ಲ.”

ಆ ಡಬ್ಬಿಯಷ್ಟು ಚೆಲುವಾದ ಗೊಂಬೆಯನ್ನು ನಾನು ಈ ಊರಿನಲ್ಲಿ ನೋಡಿಲ್ಲ.

“ಇಂಥ ಮಾತ್ರೆಯ ಚಟ ಬಿಡಿಸೋದಕ್ಕೆ, ಅದರ ಬದಲು ಗಾಂಜಾಕ್ಕೇ ಕಾನೂನಿನ ಒಪ್ಪಿಗೆ ಕೊಡಬೇಕು ಅಂತ ಹೊರದೇಶದಲ್ಲಿ ಕೆಲವರು ಹೇಳ್ತಾರೆ,” ಎಂದೆ.

ಚಿಕ್ಕಣ್ಣ ನಕ್ಕರು. “ಕೊಡ್ಲಿ ಬುಡಿ ಸ್ವಾಮಿ. ಅದ್ಕೂ ಒಂದು ಡಬ್ಬಿ ಕಡ್ದು, ಈವಮ್ಮನ ಕೈಗೇ ಕೊಟ್ಬುಡ್ತೀನಿ.”