ಗುಡ್ಡದ ಮೇಲಿನ ಆಳದ ಮಣ್ಣು

ಯುಗಾದಿಯ ಹೊತ್ತಿಗೆ ಸೊಸೆ ನರ್ಸರಿಯಿಂದ ಒಂದು ಚೀಲ ಕೆಂಪು ಮಣ್ಣು ತಂದಳು. ಮಹಡಿಯ ಮೇಲೆ ಕುಂಡಗಳಲ್ಲಿ ದಾಸವಾಳ ಬೆಳೆಸುವ ಉಮೇದು ಅವಳಿಗೆ. ಮಣ್ಣನ್ನೂ ಅಂಗಡಿಯಿಂದ ಹೊತ್ತು ತರುವ ಕಾಲ ಬಂತಲ್ಲ ಎಂದು ಗೊಣಗಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಚೀಲ ಬಿಚ್ಚಿ ನೀರು ಚಿಮುಕಿಸಿದಳು. ಆ ವಾಸನೆ ಎದ್ದದ್ದೇ ಗೊಣಗಾಟ ಗಂಟಲಲ್ಲೇ ಉಳಿಯಿತು. ನನಗೇ ತಿಳಿಯದೆ ಒಂದು ಚಿಟಿಕೆ ಹಸಿ ಮಣ್ಣು ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು, ರಿಬ್ಬನ್ನಿನ ಹಾಗೆ ಉದ್ದಕ್ಕೆ ಒತ್ತತೊಡಗಿದೆ. ಸ್ವಲ್ಪ ಬಂದು ಮುರಿಯಿತು.

“ಮರಳು ಜಾಸ್ತಿ, ಜಿಗುಟು ಕಡಿಮೆ” ಎಂದೆ.

“ಏನತ್ತೆ, ಚಪಾತಿ ಹಿಟ್ಟು ನೋಡೋ ಹಾಗೆ ನೋಡ್ತೀರಲ್ಲ!” ಎಂದು ಸೊಸೆ ನಕ್ಕಳು.

ನಾನು ಮಣ್ಣು ಓದಿದವಳಲ್ಲ. ಮಣ್ಣು ಓದಿದವರನ್ನು ಮದುವೆಯಾದವಳು. ನಮ್ಮ ಮನೆಯವರು ಸರ್ಕಾರದ ಮಣ್ಣು ಸರ್ವೆಯಲ್ಲಿದ್ದರು. ತುರ್ತು ಪರಿಸ್ಥಿತಿ ಮುಗಿದ ಹೊಸದರಲ್ಲಿ ನಾವು ಹೊಸದುರ್ಗದಲ್ಲಿ ಬಾಡಿಗೆಗಿದ್ದೆವು. ಬೇರೆ ಹೆಂಗಸರು ಬಿಸಿಲಿಗೆ ಸಂಡಿಗೆ ಹಪ್ಪಳ ಹರವಿದರೆ ನಮ್ಮ ಅಂಗಳದಲ್ಲಿ ಹಳೆಯ ಪೇಪರಿನ ಮೇಲೆ ಸಾಲಾಗಿ ಮಣ್ಣು ಒಣಗುತ್ತಿತ್ತು. ಕೆಂಪು, ಕಂದು, ಬೂದಿ ಬಣ್ಣದ್ದು, ಹಿರಿಯೂರಿನ ಕಡೆಯ ಕಪ್ಪು ಎರೆ. ಒಂದು ಹಬ್ಬಕ್ಕೆ ಬಂದಿದ್ದ ನಮ್ಮತ್ತೆ, ಜರಡಿ ಹಿಡಿದು ಇಟ್ಟಿದ್ದ ಒಂದು ಗುಡ್ಡೆಯನ್ನು ಕೆಮ್ಮಣ್ಣೆಂದು ತಿಳಿದು, ಕಲಸಿ ತುಳಸಿಕಟ್ಟೆಗೆ ಬಳಿದುಬಿಟ್ಟರು. ಇವರು ಬಂದು ನೋಡಿ, ಕಟ್ಟೆಯ ಮುಂದೆ ಕೈಕಟ್ಟಿ ನಿಂತು, “ಅಮ್ಮಾ, ಅದು ಎರಡನೇ ಪದರದ್ದು” ಎಂದರು. ಅತ್ತೆ, “ಅದಕ್ಕೇ ಇಷ್ಟು ಚೆನ್ನಾಗಿ ಹಿಡಿದಿದೆ ಕಣೋ” ಎಂದರು.

ಅವರ ಕೆಲಸ ಏನೆಂದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಹೋದಲ್ಲೆಲ್ಲ ಆಳುದ್ದ ಗುಂಡಿ ತೋಡಿಸುವುದು, ಅದರೊಳಗೆ ಇಳಿದು ಗೋಡೆಯನ್ನು ಚಾಕುವಿನಿಂದ ಕೆರೆಯುವುದು, ಪದರ ಪದರವಾಗಿ ಬರೆದುಕೊಳ್ಳುವುದು. ಮಣ್ಣು ಎಷ್ಟು ಆಳವಿದೆ, ನೀರು ನಿಲ್ಲುತ್ತದೋ ಬಸಿದು ಹೋಗುತ್ತದೋ, ಬಣ್ಣ ಯಾವುದು, ಜಿಗುಟೆಷ್ಟು, ಕಲ್ಲೆಷ್ಟು, ನೆಲದ ಇಳಿಜಾರೆಷ್ಟು, ಇವೆಲ್ಲ ಕೂಡಿಸಿ ಆ ಮಣ್ಣನ್ನು ಒಂದು ವರ್ಗಕ್ಕೆ ಸೇರಿಸುತ್ತಿದ್ದರು. ಇದು ಉಳುವ ನೆಲ, ಇದು ತೋಟದ ನೆಲ, ಇದು ಹುಲ್ಲಿಗೆ ಬಿಡಬೇಕಾದ ನೆಲ, ಹೀಗೆ. “ಒಂದನ್ನು ಬಿಟ್ಟು ಇನ್ನೊಂದನ್ನು ಓದಬಾರದು. ಎಲ್ಲ ಕೂಡಿದರೇ ಮಣ್ಣು” ಎನ್ನುತ್ತಿದ್ದರು. ಊಟದ ಎಲೆಯ ಮುಂದೆ ಕೂತೂ ಇದೇ ಮಾತು. ನಾನು ಹೂಂಗುಟ್ಟುತ್ತ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ನಮ್ಮ ಸೀಮೆಯ ಗುಡ್ಡಗಳನ್ನು ನೀವು ನೋಡಿರುತ್ತೀರಿ. ಬಂಡೆ, ಕುರುಚಲು, ಗೇಣು ಅಗೆಯುವುದರೊಳಗೆ ಗುದ್ದಲಿ ಠಣ್ ಎನ್ನುವ ಗರಸು. ಹೊಸದುರ್ಗದ ಕಡೆಯ ಒಂದು ಗುಡ್ಡ ಮಾತ್ರ ಹಾಗಿರಲಿಲ್ಲ. ದುಂಡು ಬೆನ್ನಿನ ಗುಡ್ಡ, ಮೈತುಂಬ ಹುಲ್ಲು. ಅಲ್ಲಿ ತೋಡಿಸಿದ ಗುಂಡಿ ಅವರ ತಲೆ ಮುಳುಗುವಷ್ಟು ಇಳಿದರೂ ಕಲ್ಲು ಸಿಗಲಿಲ್ಲ. ಆ ದಿನ ಮಗು ಹುಟ್ಟಿದ ಸುದ್ದಿ ತಂದವರ ಹಾಗೆ ಮನೆಗೆ ಬಂದರು. ಮರುದಿನ ಭಾನುವಾರ, ನನ್ನನ್ನೂ ಹೊರಡಿಸಿದರು. ಬೇರೆ ಗಂಡಂದಿರು ಹೆಂಡತಿಯರನ್ನು ಟೂರಿಂಗ್ ಟಾಕೀಸಿಗೆ ಕರೆದೊಯ್ದರೆ ಇವರು ಗುಂಡಿ ತೋರಿಸಲು ಕರೆದೊಯ್ದರು.

ಗುಂಡಿಯೊಳಗೆ ನಿಂತು ಅವರು ನನಗೆ ಪದರಗಳನ್ನು ತೋರಿಸುತ್ತಿದ್ದಾಗ ಮೇಲಿನಿಂದ ಒಂದು ಹೆಣ್ಣುದನಿ ಕೇಳಿತು.

“ಏನ್ ಸಿಕ್ತು ಸಾಮಿ? ಪಾಳೇಗಾರ್ರ ಕೊಪ್ಪರಿಗೆನಾ?”

ತಲೆಯೆತ್ತಿದರೆ ಹೆಗಲಿಗೆ ಕಂಬಳಿ ಹಾಕಿಕೊಂಡು, ಕೋಲೂರಿ ನಿಂತ ಹೆಂಗಸು. ನನ್ನ ವಯಸ್ಸಿನವಳೇ. ಹಿಂದೆ ಕುರಿಗಳು.

“ಮಣ್ಣು ಸಿಕ್ತಮ್ಮ” ಎಂದರು ಇವರು.

“ಮಣ್ಣ್ ಹುಡುಕಾಕೆ ಮಣ್ಣ್ ಅಗೀತಾರಾ?”

ಹೀಗೆ ಕರಿಯಮ್ಮ ನಮಗೆ ಪರಿಚಯವಾದಳು. ಗುಡ್ಡದ ಬುಡದ ಹಟ್ಟಿಯವಳು. ಗಂಡ ತೀರಿಹೋಗಿ, ಇಬ್ಬರು ಹೆಣ್ಣುಮಕ್ಕಳನ್ನೂ ಹಿಂಡನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಇವರು ಅವಳನ್ನೂ ಗುಂಡಿಗೆ ಇಳಿಸಿದರು. ಹುಲ್ಲಿನ ಬೇರು ಎಳೆಎಳೆಯಾಗಿ ಸೊಂಟದ ಮಟ್ಟಕ್ಕೂ ಕೆಳಗೆ ಇಳಿದಿರುವುದನ್ನು ತೋರಿಸಿದರು.

“ಅಯ್ಯಯ್ಯಪ್ಪ! ಕುರಿ ಮೇಯೋದು ಮೇಲಿಂದು ಅಷ್ಟೇಯಾ? ಕೆಳಗೆ ಇಷ್ಟೊಂದು ಐತಾ?”

“ಆ ಬೇರೇ ಈ ಮಣ್ಣನ್ನ ಹಿಡ್ಕೊಂಡಿರೋದು. ಮಳೆ ನೀರು ನಿಲ್ಲದೆ ಇದರೊಳಗೆ ಇಳಿದು ಹೋಗತ್ತೆ. ಹುಲ್ಲು ಕಿತ್ತರೆ ಈ ಇಳಿಜಾರಲ್ಲಿ ಮಣ್ಣು ನಿಲ್ಲಲ್ಲ, ಕರಿಯಮ್ಮ.”

ಅವಳು ಗೋಡೆಯ ಮಣ್ಣನ್ನು ಕೈಯಿಂದ ಸವರಿ ನೋಡಿದಳು. ಇವರಿಗೆ ಕೊನೆಗೂ ಹೂಂಗುಟ್ಟದೆ ಕೇಳುವ ಶಿಷ್ಯೆಯೊಬ್ಬಳು ಸಿಕ್ಕಳು.

ಆಮೇಲೆ ಅವಳು ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದಳು. ಇವರಿಗೆ “ಮಣ್ಣಪ್ಪಾರು” ಎಂದು ಹೆಸರಿಟ್ಟಳು. ಸೆರಗಿನಲ್ಲಿ ಕಾರೆಹಣ್ಣೋ ಅವರೆಕಾಯಿಯೋ ಇರುತ್ತಿತ್ತು. ನಾನು ಬಸುರಿಯಾಗಿದ್ದಾಗ, “ನೀವು ಕುಂತ್ಕಳ್ರಿ ಅಕ್ಕೋರೆ” ಎಂದು ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಾನೇ ಕಾಫಿ ಕಾಸುತ್ತಿದ್ದಳು. ಅವಳ ಕಾಫಿಯಲ್ಲಿ ಬೆಲ್ಲವೇ ಹೆಚ್ಚು. ಅವಳು ಹೋದ ಮೇಲೆ ಇವರು, “ಇದರಲ್ಲಿ ಜಿಗುಟು ಜಾಸ್ತಿ” ಎನ್ನುತ್ತಿದ್ದರು, ಆದರೆ ಲೋಟ ಖಾಲಿ ಮಾಡುತ್ತಿದ್ದರು.

ಇವರ ವರದಿ ಮುಗಿಯಿತು. ಗುಡ್ಡದ ಮಣ್ಣಿನ ವಿಷಯ ಹೀಗಿತ್ತು: ಬಹಳ ಆಳ, ನೀರು ಚೆನ್ನಾಗಿ ಬಸಿಯುತ್ತದೆ, ಇಳಿಜಾರು ಕಡಿದು, ಆದ್ದರಿಂದ ಉಳಬಾರದು, ಹುಲ್ಲಿಗೇ ಬಿಡಬೇಕು. ಅವರು ಬರೆದದ್ದರಲ್ಲಿ ತಪ್ಪಿರಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮೇಲಿನವರಿಗೆ ಮೊದಲ ಎರಡು ಮಾತಷ್ಟೇ ಕಣ್ಣಿಗೆ ಬಿದ್ದವು. ಒಂದು ದಿನ ದೊಡ್ಡ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಗುಡ್ಡವನ್ನು ಉತ್ತು ನೀಲಗಿರಿ ಹಾಕುವುದೆಂದು ತೀರ್ಮಾನವಾಗಿತ್ತು.

“ಸಾರ್, ಇಳಿಜಾರು ನೋಡಿ” ಎಂದು ಇವರು ಹೇಳಿದರಂತೆ.

“ಏನ್ರೀ, ಇಷ್ಟು ಒಳ್ಳೆ ಮಣ್ಣಿನ ಮೇಲೆ ಬರೀ ಹುಲ್ಲು ಬೆಳೀಬೇಕೇನ್ರೀ?” ಎಂದರಂತೆ ಸಾಹೇಬರು.

ಸಂಜೆ ಮನೆಗೆ ಬಂದು ಈ ಮಾತು ಹೇಳಿದರು. ಯಾರೊಂದಿಗೂ ದನಿಯೆತ್ತದ ಮನುಷ್ಯ. ಆದರೂ ಚಿತ್ರದುರ್ಗಕ್ಕೆ ಹೋದರು, ಇನ್ನೂ ಮೇಲಿನ ಕಚೇರಿಗೆ ಹೋದರು, ಬರೆದರು, ವಾದಿಸಿದರು. ಒಬ್ಬ ಅಧಿಕಾರಿಯ ಎದುರು ಮೇಜಿನ ಮೇಲೆ ಗುಡ್ಡದ ಮಣ್ಣನ್ನೇ ಸುರಿದು ಬಂದರಂತೆ. ಏನೂ ಆಗಲಿಲ್ಲ. ಮಳೆಗಾಲಕ್ಕೆ ಮುಂಚೆ ಟ್ರ್ಯಾಕ್ಟರುಗಳು ಗುಡ್ಡ ಹತ್ತಿದವು. ಸುತ್ತ ತಂತಿಬೇಲಿ ಬಂತು. ಕುರಿಗಳನ್ನು ಅಟ್ಟಲು ಕಾವಲುಗಾರರು ಬಂದರು.

ಕರಿಯಮ್ಮ ಬಂದದ್ದು ಅದರ ಮರುದಿನ. ಸಂತೆಯ ದಿನವಲ್ಲ. “ಒಳಗೆ ಬಾ” ಎಂದೆ, ಬರಲಿಲ್ಲ. ಹೊಸಿಲಾಚೆ ನಿಂತಳು. ಇವರು ಎದ್ದು ಬಾಗಿಲಿಗೆ ಬಂದರು.

“ನಿಮ್ ಗುಂಡೀಲಿ ನಮ್ಮುನ್ನೇ ಹೂತ್ಬಿಟ್ರಲ್ಲ ಸಾಮಿ! ಅಲ್ಲಿ ಒಳ್ಳೆ ಮಣ್ಣೈತೆ ಅಂತ ಯಾವನಿಗ್ ಗೊತ್ತಿತ್ತು? ನೀವ್ ಬಂದ್ರಿ, ಅಗುದ್ರಿ, ಬರಕಂಡ್ ಹೋದ್ರಿ. ನೀವ್ ಬರದೇ ಇದ್ದಿದ್ರೆ ನಮ್ ಗುಡ್ಡದ್ ಮ್ಯಾಲೆ ಯಾರ್ ಕಣ್ಣೂ ಬೀಳ್ತಿರ್ಲಿಲ್ಲ!”

ಇವರು, ನಾನು ಬೇಡವೆಂದೆ, ಜಗಳವಾಡಿದೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ತಲೆ ತಗ್ಗಿಸಿ ನಿಂತರು. ಅವಳು ತಿರುಗಿ ಹೋದಳು. ಅದೇ ವಾರ ವರ್ಗದ ಆದೇಶ ಬಂತು, ದೂರದ ಜಿಲ್ಲೆಗೆ. ಪಾತ್ರೆಪಡಗ ಕಟ್ಟಿಕೊಂಡು, ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ಲಾರಿ ಹತ್ತಿದೆವು.

ಅಲ್ಲಿಂದಾಚೆ ಇವರು ಸರ್ವೆ ಮಾಡಿದರು, ವರದಿ ಬರೆದರು. ಆದರೆ ಮನೆಯಲ್ಲಿ ಮಣ್ಣಿನ ಮಾತು ನಿಂತುಹೋಯಿತು. ಇಷ್ಟು ವರ್ಷ ಬೇಡವೆನಿಸಿದ್ದ ಆ ಮಾತಿಗಾಗಿ ನಾನು ಊಟಕ್ಕೆ ಬಡಿಸುತ್ತ ಕಾಯುವಂತಾಯಿತು. ನಿವೃತ್ತಿಯ ಹತ್ತಿರಕ್ಕೆ ಮತ್ತೆ ಚಿತ್ರದುರ್ಗಕ್ಕೆ ಬಂದೆವು. ಸಿರಿಗೆರೆಗೋ ಹೊಳಲ್ಕೆರೆಗೋ ಹೋಗುವುದಿದ್ದರೆ ನನ್ನ ಜೊತೆ ಬರುತ್ತಿದ್ದರು. ಹೊಸದುರ್ಗವೆಂದರೆ ಏನಾದರೂ ನೆಪ ಹೇಳುತ್ತಿದ್ದರು. ಒಂದೇ ಒಂದು ಸಲ, ಯಾರದೋ ಮದುವೆಯೆಂದು ಒಬ್ಬರೇ ಅಲ್ಲಿಗೆ ಹೊರಟರು. ಸಂಜೆ ಬಂದವರು ಶೂ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತರು. ಶೂಗೆ ಕೆಂಪು ಮಣ್ಣು ಮೆತ್ತಿತ್ತು. ನಾನು ಕೇಳಲಿಲ್ಲ, ಅವರೇ ಹೇಳಿದರು:

“ಮಣ್ಣೆಲ್ಲ ಕೊಚ್ಚಿ ಹೋಗಿದೆ. ನಾನು ಗುಂಡಿ ತೋಡಿಸಿದ್ದ ಜಾಗದಲ್ಲಿ ಬರೀ ಗರಸು.”

“ಕರಿಯಮ್ಮನ್ನ ನೋಡಿದ್ರಾ?”

“ಯಾವ ಮುಖ ಇಟ್ಕೊಂಡು ಹೋಗ್ಲಿ?”

ಅಂದು ರೊಟ್ಟಿ ಮುರಿದು ಇಟ್ಟರು, ತಿನ್ನಲಿಲ್ಲ. ಅದಾದ ಕೆಲವು ವರ್ಷಕ್ಕೆ ತೀರಿಕೊಂಡರು.

ಕರಿಯಮ್ಮ ತಾಳ್ಯದಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಕಂಬಳಿ ಮಾರುವವನೊಬ್ಬ ಹೇಳಿದ್ದ. ಕೇಳಿ ಸುಮ್ಮನಿದ್ದೆ. ಸೊಸೆ ತಂದ ಮಣ್ಣನ್ನು ಕೈಯಲ್ಲಿ ಹೊಸೆದ ಆ ದಿನ ಮಾತ್ರ ಸುಮ್ಮನಿರಲಾಗಲಿಲ್ಲ. ಮರುದಿನ ಬೆಳಗ್ಗೆ ಬಸ್ಸು ಹತ್ತಿದೆ.

ಜಗಲಿಯ ಮೇಲೆ ಕೂತಿದ್ದಳು. ಕಣ್ಣು ಮಂಜು. “ಯಾರವ್ವಾ?” ಎಂದಳು. “ಹೊಸದುರ್ಗದಲ್ಲಿ ನಿನ್ನ ಬೆಲ್ಲದ ಕಾಫಿ ಕುಡೀತಿದ್ದವಳು” ಎಂದೆ. ಅವಳು ಗೋಡೆ ಹಿಡಿದು ಎದ್ದಳು. ನನ್ನ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ.

“ಮಣ್ಣಪ್ಪಾರು?”

ಹೇಳಿದೆ. ಅವಳು ಮತ್ತೆ ಜಗಲಿಯ ಮೇಲೆ ಕೂತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

“ಆವತ್ತು ಬಾಯಿಗ್ ಬಂದಂಗೆ ಅಂದ್ಬಿಟ್ಟೆ ಅಕ್ಕೋರೆ. ಆಮ್ಯಾಕೆ ಗೊತ್ತಾತು, ಆಯಪ್ಪ ನಮ್ ಪರ ಜಗಳ ಆಡೈತೆ ಅಂತ. ಕಾವಲಿನೋನೇ ಹೇಳ್ದ. ಮುಂದಿನ್ ಸಂತೆ ದಿನ ಓಡ್ಬಂದೆ. ಮನೆಗೆ ಬೀಗ. ವರ್ಗ ಆಗೋದ್ರು ಅಂದ್ರು ಪಕ್ಕದ್ ಮನೇರು. ನನ್ ಮಾತಿಗೇ ಬ್ಯಾಸ್ರ ಮಾಡ್ಕಂಡು ಊರೇ ಬಿಟ್ಟೋದ್ರು ಅಂತ ತಿಳಕಂಡೆ. ದುರ್ಗದಾಗೆ ಅವ್ರೆ ಅಂತ ಆಮ್ಯಾಲ್ ಕೇಳ್ದೆ. ಹೋಗಾಣ ಹೋಗಾಣ ಅಂತಿದ್ದೆ. ಹೆಂಗ್ ಹೋಗ್ಲಿ? ಸಿಟ್ಟಾಗಿರ್ತಾರೆ ಅಂತ ಸುಮ್ಕಾದೆ.”

“ಸಿಟ್ಟಿರಲಿಲ್ಲ ಕರಿಯಮ್ಮ. ನಿನಗೇ ಸಿಟ್ಟಿದೆ ಅಂತ ಅವರು ಬರಲಿಲ್ಲ.”

ಮಂಜುಗಣ್ಣಿನಿಂದಲೇ ನನ್ನನ್ನು ದಿಟ್ಟಿಸಿದಳು. “ಒಂದ್ ಮಾತ್ ಕೇಳಿದ್ರೆ ಆಗ್ತಿತ್ತಲ್ಲವ್ವಾ” ಎಂದಳು. ಅವಳು ಅಂದದ್ದು ತನಗೋ ಅವರಿಗೋ ನನಗೆ ತಿಳಿಯಲಿಲ್ಲ.

ಮಗಳು ಕಾಫಿ ತಂದುಕೊಟ್ಟಳು. ಕರಿಯಮ್ಮ ಗುಡ್ಡದ ಕಥೆ ಹೇಳಿದಳು. ನೀಲಗಿರಿ ಸೊರಗಿದ್ದು, ಒಂದೊಂದು ಮಳೆಗೂ ಹಳ್ಳ ಕೆಂಪಗೆ ಹರಿದದ್ದು, ಮೇವಿಲ್ಲದೆ ಹಿಂಡನ್ನು ಆದಿವಾಲದ ಕಡೆ ಹೊಡೆದುಕೊಂಡು ಹೋದದ್ದು, ಕೊನೆಗೆ ಮಾರಿದ್ದು, ಹಟ್ಟಿಯವರೆಲ್ಲ ದಿಕ್ಕಿಗೊಬ್ಬರಾದದ್ದು. ಎಲ್ಲ ಹೇಳಿ ಲೋಟ ಕೆಳಗಿಟ್ಟು ಕೇಳಿದಳು:

“ಬಂಡೆ ಎದ್ದು ಕುಂತೈತೆ ಅಕ್ಕೋರೆ ಈಗಲ್ಲಿ. ಆಯಪ್ಪ ಅದ್ನ ನೋಡ್ಲಿಲ್ಲ, ಅಲ್ವಾ?”

“ಇಲ್ಲ, ನೋಡ್ಲಿಲ್ಲ” ಎಂದೆ.

“ಸದ್ಯ” ಎಂದು ಅವಳು ಉಸಿರುಬಿಟ್ಟಳು. “ಒಳ್ಳೇದಾತು ಬಿಡ್ರಿ.”

ಈಗ ಆಗಾಗ ತಾಳ್ಯಕ್ಕೆ ಹೋಗಿ ಬರುತ್ತೇನೆ. ಜಗಲಿಯ ಮೇಲೆ ಕೂತ ಕೂಡಲೇ ಅವಳು ಅವರ ವಿಷಯ ಎತ್ತುತ್ತಾಳೆ. ಅವರು ಹೇಗೆ ಮಾತಾಡುತ್ತಿದ್ದರು, ಏನು ತಿನ್ನುತ್ತಿದ್ದರು, ಮೇಜಿನ ಮೇಲೆ ಮಣ್ಣು ಸುರಿದಾಗ ಆ ಅಧಿಕಾರಿಯ ಮುಖ ಹೇಗಾಗಿತ್ತು. ನನಗೆ ಗೊತ್ತಿರುವುದನ್ನೆಲ್ಲ ಹೇಳುತ್ತೇನೆ, ಅವರು ಮದುವೆಗೆಂದು ಹೋಗಿಬಂದ ಆ ಒಂದು ದಿನವನ್ನು ಬಿಟ್ಟು.