ಹದಿನಾಲ್ಕನೆಯ ಮಹಡಿಯ ಟೊಳ್ಳು ಗೋಡೆ

ಎತ್ತರದ ಕಟ್ಟಡಗಳ ನಿರ್ವಹಣೆಯಲ್ಲಿ ಹೆಸರು ಮಾಡಿದವರು ಹಲವರಿರಬಹುದು. ಆದರೆ ನಾಲ್ಕು ಗೋಪುರಗಳ, ಇಪ್ಪತ್ತೆರಡು ಮಹಡಿಗಳ, ಬರೀ ಕಾಂಕ್ರೀಟಿನ ನಮ್ಮ ವಸತಿ ಸಮುಚ್ಚಯವನ್ನು ಮೂವತ್ತೊಂದು ವರ್ಷ ಕಾಪಾಡಿದ ನಮ್ಮ ಮೇಲ್ವಿಚಾರಕರಂಥವರು ವಿರಳ. ಮರದ ಸುತ್ತಿಗೆಯಿಂದ ಬಾಲ್ಕನಿಯ ಗೋಡೆ ಬಡಿದು ಕಿವಿಗೊಡುವುದು ಅವರ ಪದ್ಧತಿ. ಟೊಳ್ಳು ಸದ್ದು ಬಂದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದು ಕಾಂಕ್ರೀಟು ಪದರ ಬಿಟ್ಟಿದೆ ಎಂದರ್ಥ. ನಿವಾಸಿಗಳು "ಗೋಡೆ ಡಾಕ್ಟ್ರು" ಎಂದು ನಗುತ್ತಿದ್ದರು. ನಗಲಿ ಬಿಡಿ. ಲಿಫ್ಟು ಕೆಟ್ಟ ದಿನ ಹದಿನೇಳನೆಯ ಮಹಡಿಯ ಅಜ್ಜಿಗೆ ಆಮ್ಲಜನಕದ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಹತ್ತಿದವರು ಅವರೇ, ನಕ್ಕವರಲ್ಲ.

ಮೂರು ವರ್ಷದ ಹಿಂದೆ ಗೋಪುರಗಳಿಗೆ ರಬ್ಬರಿನಂಥ ದಪ್ಪ ಬಣ್ಣ ಬಳಿಸಲಾಯಿತು. ಮರುತಿಂಗಳು, ಮಟಮಟ ಮಧ್ಯಾಹ್ನ, ಹದಿನಾಲ್ಕನೆಯ ಮಹಡಿಯ ಬಾಲ್ಕನಿಗೋಡೆಯಿಂದ ಬಾಗಿಲಷ್ಟು ಅಗಲದ ತುಂಡು ಕಳಚಿ ಕೆಳಗಿನ ಉಯ್ಯಾಲೆಯ ಮೇಲೆ ಬಿತ್ತು. ಮಕ್ಕಳು ಊಟಕ್ಕೆ ಹೋಗಿದ್ದರು. ಉಯ್ಯಾಲೆಯ ಸರಪಳಿ ನೆಲದೊಳಗೆ ಹೂತುಹೋಗಿತ್ತು. ಹಿಂದಿನ ವಾರವಷ್ಟೇ ಆ ಗೋಡೆ ಬಡಿದು 'ಸರಿ' ಎಂದು ಬರೆದಿದ್ದ ಮೇಲ್ವಿಚಾರಕರೇ ಮೊದಲು ಓಡಿ ಬಂದರು.

ಸಂಜೆ ನಿವಾಸಿಗಳ ಸಭೆಯಲ್ಲಿ ಎಲ್ಲರೂ ಬಣ್ಣದ ಮೇಸ್ತ್ರಿಯ ಮೇಲೆ ಮುಗಿಬಿದ್ದರು. "ಬಣ್ಣಕ್ಕೆ ಅಂತ ಬಾಲ್ಕನಿಗೆ ಹಗ್ಗ ಕಟ್ಟಿ ನೇತಾಡಿ ಗೋಡೆ ಸಡಿಲ ಮಾಡಿದ್ದು ನೀನೇ. ಜಾಗ ಖಾಲಿ ಮಾಡು, ಪೊಲೀಸ್ರಿಗೂ ಹೇಳ್ತೀವಿ" ಎಂದರು ನಿವಾಸಿಗಳ ಸಂಘದ ಕಾರ್ಯದರ್ಶಿ.

"ಸ್ವಾಮಿ, ನಾನು ಬಣ್ಣ ಬಳ್ದಿದ್ದು, ಬೆಟ್ಟ ಅಗ್ದಿದ್ದಲ್ಲ!" ಮೇಸ್ತ್ರಿಯ ಮಾತು ಯಾರಿಗೂ ಬೇಕಿರಲಿಲ್ಲ.

ಮೇಲ್ವಿಚಾರಕರು ಎದ್ದರು. ನಿವೃತ್ತಿಗೆ ಮೂರೇ ವರ್ಷ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. "ಅವನನ್ನ ಬಿಡಿ. ತಪ್ಪು ನಂದು. ಬಣ್ಣ ಬಳಿದ ಮೇಲೆ ಅದರ ದಪ್ಪಕ್ಕೆ ಟೊಳ್ಳು ಸದ್ದು ಅಡಗಿ, ಎಲ್ಲ ಗೋಡೆನೂ ಒಂದೇ ಥರ ಮೆತ್ತಗೆ ಸದ್ದು ಮಾಡ್ತಿತ್ತು. ಅನುಮಾನ ಬಂತು. ಆದ್ರೂ, ನನ್ನ ಕಿವಿ ಅಲ್ವಾ ಅನ್ನೋ ಜಂಬದಲ್ಲಿ 'ಸರಿ' ಅಂತ ಬರ್ದೆ."

"ಹಾಗಾದ್ರೆ ಮಿಕ್ಕ ಗೋಡೆಗಳು, ಅಣ್ಣಾ?" ಎಂದು ಒಬ್ಬಾಕೆ ಮಗುವನ್ನು ಅವಚಿಕೊಂಡು ಕೇಳಿದರು.

"ಗೊತ್ತಿಲ್ಲಮ್ಮಾ."

ಆ ರಾತ್ರಿಯೇ ಎಲ್ಲ ಬಾಲ್ಕನಿಗಳ ಬಾಗಿಲಿಗೆ ಬೀಗ ಬಿತ್ತು.

ಮರುದಿನದಿಂದಲೇ ಮೇಲ್ವಿಚಾರಕರು ಅದೇ ಮೇಸ್ತ್ರಿಯ ಜೊತೆ ನಿಂತು, ಪ್ರತಿ ಬಾಲ್ಕನಿಯ ಬಣ್ಣ ಕೆರೆಸಿ ಮತ್ತೆ ಬಡಿದರು. ಇನ್ನೂ ಹತ್ತೊಂಬತ್ತು ಟೊಳ್ಳು ಗೋಡೆಗಳು! ಅದರಲ್ಲೊಂದು ಕಾರ್ಯದರ್ಶಿಗಳ ಬಾಲ್ಕನಿಯದೇ, ಅವರ ಮೊಮ್ಮಕ್ಕಳು ದಿನವೂ ಅದಕ್ಕೊರಗಿ ನಿಲ್ಲುತ್ತಿದ್ದರು.

ತಪ್ಪೇ ಮಾಡದ ಮಹನೀಯರು ಎಂದು ಅವರ ನಿವೃತ್ತಿಗೆಂದು ಬರೆದ ಈ ಲೇಖನದಲ್ಲಿ ಹೇಳುವುದು ಸುಲಭವಿತ್ತು. ಓದಿದರೆ ಅವರೇ ಬೈಯುತ್ತಿದ್ದರು. ಒಬ್ಬ ಬಡಪಾಯಿಯ ಅನ್ನ ಉಳಿಸಲು ತಮ್ಮ ಹೆಸರನ್ನೇ ಪಣಕ್ಕಿಟ್ಟ ಈ ಹಿರಿಯರಿಗೆ ನೂರು ವರ್ಷ ಆಯುಸ್ಸಿರಲಿ, ಕೈಕಾಲು ಗಟ್ಟಿಯಿರಲಿ. ಬೀಳ್ಕೊಡುಗೆ ಮುಗಿದರೂ ಸೋಮವಾರ ಬೆಳಗ್ಗೆ ಏಳಕ್ಕೆ ಬಂದು ಮೇಸ್ತ್ರಿಗೆ ಗೋಡೆ ಬಡಿದು ಕೇಳುವ ಈ ಕೆಲಸ ಕಲಿಸುತ್ತೇನೆ ಎಂದಿದ್ದಾರೆ. ಬರಲಿ. ತಡವಾದರೆ ಮೇಸ್ತ್ರಿಯೇ ಬೈಯಲಿ.